ಹಸುವಿಗೆ ಸರಿಯಾಗಿ ಹೇಳಿದ ಮಾತು

ಮಾರ್ಚ್ 2, ಗುರುವಾರ

ಹಿಟ್ಟು ಸರಿಯಾಗಿ ಉಬ್ಬಲಿಲ್ಲ. ಹದಿನಾಲ್ಕು ರೊಟ್ಟಿ ಆಗಬೇಕಿತ್ತು, ಹನ್ನೊಂದೇ ಆಯಿತು. ಸೊಸೆ ಜಿಪಾರ್ ಒಂದು ಕೈಯಲ್ಲಿ ನಾದುತ್ತಾಳೆ, ಇನ್ನೊಂದು ಕೈಯಲ್ಲಿ ಮೊಬೈಲ್. ಬೈದೆ.

"ಸರೋವರದ ದಡದಲ್ಲಿ ಜನ ಆರೈಕೆಗೆ ಬಂದು ಉಳಿಯೋ ಸ್ಯಾನಟೋರಿಯಂನಲ್ಲಿ ಫೋನ್ ಎತ್ತೋ ಕೆಲಸ ಇದೆಯಂತೆ ಅಪಾ. ರಷ್ಯನ್ ಚೆನ್ನಾಗಿ ಓದಿ ಹೇಳಬೇಕಂತೆ. ಅದಕ್ಕೇ ಕಲೀತಿದ್ದೆ."

ಅತ್ತೆಯಾದ ನನ್ನನ್ನು ಅವಳು ಕರೆಯುವುದು ಅಪಾ, ಅಮ್ಮ ಎಂದೇ. ಮೊಬೈಲ್ ತೋರಿಸಿದಳು. ಆನ್‌ಲೈನ್ ನಿಘಂಟು. ಒಂದು ಪದ ಬರೆದರೆ ಅದರ ರೂಪಗಳೆಲ್ಲ ಪಟ್ಟಿಯಾಗಿ ಬರುತ್ತವೆ — ನಾನು, ನೀನು, ಅವನು, ಅವರು. ಎಲ್ಲಿ ಒತ್ತಿ ಹೇಳಬೇಕೋ ಆ ಅಕ್ಷರದ ತಲೆಯ ಮೇಲೆ ಕೆಂಪು ಗೀಟು.

"ಗೀಟು ಯಾಕೆ, ಮನೇಲಿ ನಾನಿಲ್ವಾ?" ಎಂದೆ.

ಹತ್ತನೇ ಕ್ಲಾಸಿನಲ್ಲಿ ನನಗೆ ರಷ್ಯನ್‌ಗೆ ಐದಕ್ಕೆ ಐದು. ಸರ್ಟಿಫಿಕೇಟು ಇನ್ನೂ ಪೆಟ್ಟಿಗೆಯಲ್ಲಿದೆ.

ಮಾರ್ಚ್ 4

ಪಾಠ ಶುರು. 'ಫೋನ್ ಮಾಡುತ್ತಾನೆ' ಅನ್ನುವುದನ್ನು ಹೇಗೆ ಹೇಳಬೇಕು ಎಂದು ಕೇಳಿದಳು. "ಜ್ವೋನಿತ್" ಎಂದೆ. ಮೊಬೈಲ್ ನೋಡಿದಳು, ನನ್ನನ್ನು ನೋಡಿದಳು. "ಸರಿ ಅಪಾ." ನಾಲ್ಕು ಸಲ ಹೇಳಿಸಿದೆ.

ಪಕ್ಕದ ಮನೆಯ ಕಾಕೆನ್ ಜರಡಿ ಕೇಳಲು ಬಂದವಳು ಅಲ್ಲೇ ಕೂತಳು. "ಬುರುಲ್ಚಾ, ನೀನು ಮೇಡಂ ಆದದ್ದು ಯಾವಾಗ? ಸೊಸೆ ಪಾಸಾದರೆ ನಿನ್ನ ಪುಣ್ಯ, ಫೇಲಾದರೆ ಅವಳ ಮಂಡೆ. ಒಳ್ಳೇ ಕೆಲಸ ಹಿಡಿದಿದ್ದೀಯ ಬಿಡು."

ಜರಡಿ ಕೊಡಲಿಲ್ಲ.

ಮಾರ್ಚ್ 7

ಬೆಳಿಗ್ಗೆ ಜಿಪಾರ್ ನೀರಿಗೆ ಹೋದಾಗ ನನ್ನ ಮೊಬೈಲಿನಲ್ಲಿ ಆ ನಿಘಂಟು ತೆಗೆದೆ. ಸುಮ್ಮನೆ — ನಾನೇ ಸರಿ ಎಂದು ನೋಡಿ ಖುಷಿ ಪಡೋಣ ಎಂದು.

ಕೆಂಪು ಗೀಟು ಕೊನೆಯ ಅಕ್ಷರದ ಮೇಲಿತ್ತು. ಜ್ವನೀತ್. ಪಟ್ಟಿಯ ಆರು ರೂಪಗಳಲ್ಲಿ ಒಂದರಲ್ಲೂ ಮೊದಲ ಅಕ್ಷರದ ಮೇಲಿಲ್ಲ. ಮೊಬೈಲ್ ಕೆಟ್ಟಿದೆ ಅಂದುಕೊಂಡು ಆರಿಸಿ ಮತ್ತೆ ಹಾಕಿದೆ. ಅಲ್ಲೇ ಇತ್ತು.

ಇಲ್ಲಿಯವರೆಗೆ ಹೇಳಿಕೊಟ್ಟ ಹದಿನೇಳು ಪದ ನೋಡಿದೆ. ಒಂಬತ್ತು ತಪ್ಪು.

ನಾಳೆ ಹೆಂಗಸರ ಹಬ್ಬ. ಅದು ಮುಗಿಯಲಿ, ಹೇಳುತ್ತೇನೆ.

ಮಾರ್ಚ್ 8

ಹೇಳಲಿಲ್ಲ. ಎಲ್ಲರ ಮುಂದೆ ಜಿಪಾರ್ ನನಗೆ ಶಾಲು ಹೊದಿಸಿದಳು. "ನಮ್ಮ ಮೇಡಂಗೆ" ಎಂದಳು. ಕಾಕೆನ್ ಕೂಡ ಚಪ್ಪಾಳೆ ಹೊಡೆದಳು. ನೀಲಿ ಶಾಲು. ಒಳ್ಳೆಯ ಉಣ್ಣೆ.

ಮಾರ್ಚ್ 13, ಸೋಮವಾರ

ಸ್ಯಾನಟೋರಿಯಂನವರು ವಿಡಿಯೋದಲ್ಲಿ ಮಾತಾಡಿಸಿದರು. ವಿಡಿಯೋಗೆ ಸಾಲುವಷ್ಟು ನೆಟ್‌ವರ್ಕ್ ಬರುವುದು ಅತಿಥಿ ಕೋಣೆಯ ಕಿಟಕಿಯ ಹತ್ತಿರ ಮಾತ್ರ. "ಧೈರ್ಯಕ್ಕೆ ನಾನೂ ಇರ್ತೀನಿ" ಎಂದು ಶಾಲು ಹೊದ್ದು, ಹಿರಿಯರು ಕೂರುವ ಮೇಲಿನ ಜಾಗದಲ್ಲಿ ಕೂತೆ.

ಒಂದು ಕಾಗದ ಓದಿಸಿದರು. ಜಿಪಾರ್ "ಜ್ವೋನಿತ್" ಎಂದಳು. ಅಲ್ಲಿಂದ ಮಾತಾಡುತ್ತಿದ್ದ ಹೆಂಗಸು ತಿದ್ದಿದಳು. ಆ ಪದ ಮತ್ತೆ ಬಂತು, ಜಿಪಾರ್ ಮತ್ತೆ ಹಾಗೇ ಹೇಳಿದಳು. 'ದಾಖಲೆಗಳು' ಅನ್ನುವುದೂ ಹಾಗೇ ಆಯಿತು. ಮೂರನೇ ಸಲ ಆ ಹೆಂಗಸು ಕನ್ನಡಕ ತೆಗೆದು ಕೇಳಿದಳು, "ಯಾರಮ್ಮಾ ನಿಂಗೆ ಹೇಳಿಕೊಟ್ಟಿದ್ದು?"

"ಯಾರೂ ಇಲ್ಲ. ನಾನೇ ಕಲಿತದ್ದು. ತಪ್ಪು ನಂದೇ."

ನಾನು ಮೂರು ಮೊಳ ದೂರದಲ್ಲಿದ್ದೆ. ಶಾಲು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡೆ.

ಮಾರ್ಚ್ 14

ರೊಟ್ಟಿ ಮಾಡಲಿಲ್ಲ. ಮಗ ಎರ್ಮೆಕ್ ಟ್ಯಾಕ್ಸಿ ನಿಲ್ಲಿಸಿ ಬಂದು, "ಏನಮ್ಮಾ, ಮನೇಲಿ ಯಾರೂ ಮಾತಾಡ್ತಾ ಇಲ್ಲ?" ಎಂದ. ಹಲ್ಲು ನೋವು ಎಂದೆ.

ಮಾರ್ಚ್ 16, ಬೆಳಿಗ್ಗೆ

ಕೊಟ್ಟಿಗೆಗೆ ಹೋದೆ. ಜಿಪಾರ್ ಹಾಲು ಕರೆಯುತ್ತಿದ್ದಳು. ಬೆನ್ನು ನನ್ನ ಕಡೆ. ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು ಮಾತಾಡುತ್ತಿದ್ದಳು.

"ಕೇಳಿಲ್ಲಿ ಕುಂಟಿ. ಅತಿಥಿ ಜ್ವನೀತ್. ಡಾಕ್ಟರು ಜ್ವನೀತ್. ನಿನ್ನ ಕರು ಜ್ವನೀತ್. ನಿಂಗೂ ಬಂತಾ?"

ಸರಿಯಾಗಿ. ಒಂದೂ ತಪ್ಪಿಲ್ಲದೆ. ಹಸುವಿಗೆ.

ಇವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಆ ದಿನ ನಾನು ಕೋಣೆಯಲ್ಲಿ ಕೂತಿದ್ದೆ — ಅದಕ್ಕೇ ನನ್ನ ಹಾಗೆ ಹೇಳಿದಳು. ಅತ್ತೆಯ ಮುಂದೆ ಅತ್ತೆಯ ಮಾತು ತಿದ್ದಿದಂತಾಗುತ್ತದೆ ಎಂದು ಕೆಲಸವನ್ನೇ ಬಿಟ್ಟಳು.

ನನ್ನ ಮಾವನ ಹೆಸರು ನಾನು ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ. ಆ ಹೆಸರಿನ ಹಾಗೆ ಕೇಳುವ ಪದ ಬಂದರೂ ಸುತ್ತಿ ಬಳಸಿ ಬೇರೆ ಹೇಳುತ್ತಿದ್ದೆ. ಸೊಸೆಯಾದವಳ ಬಾಯಿ ಹಾಗೇ ಪಳಗುತ್ತದೆ. ಬೇರೆ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯಬೇಕಿತ್ತು.

ಸದ್ದು ಮಾಡದೆ ವಾಪಸ್ ಬಂದೆ. ನನ್ನ ಮನೆಯಲ್ಲಿ ಕಳ್ಳಿಯ ಹಾಗೆ.

ಮಾರ್ಚ್ 18

ಸ್ಯಾನಟೋರಿಯಂನಿಂದ ಫೋನ್. ಆ ಕೆಲಸಕ್ಕೆ ಆರಿಸಿದ್ದ ಇನ್ನೊಬ್ಬಳು ಬರುವುದಿಲ್ಲ ಎಂದಳಂತೆ. ಸೋಮವಾರ ಹನ್ನೊಂದಕ್ಕೆ ಮತ್ತೊಂದು ಸಲ ಓದಿಸುತ್ತಾರೆ. ಅದೇ ಕೊನೆ.

ಜಿಪಾರ್ ನಗಲಿಲ್ಲ. "ನೀವೂ ಇರ್ತೀರಲ್ಲ ಅಪಾ?" ಎಂದಳು.

ಮಾರ್ಚ್ 19

ಒಂದು ದಾರಿ ಇದೆ. ನಾಳೆ ಹತ್ತೂವರೆಗೇ ಕಾಕೆನ್ ಮನೆಗೆ ಹೋಗಿ ಕೂರುವುದು. ನಾನಿಲ್ಲದಿದ್ದರೆ ಇವಳು ಸರಿಯಾಗಿಯೇ ಓದುತ್ತಾಳೆ. ಕೆಲಸ ಸಿಗುತ್ತದೆ. ಯಾರೂ ಏನೂ ಹೇಳಬೇಕಾಗಿಲ್ಲ. ನನ್ನ ಐದಕ್ಕೆ ಐದು ಪೆಟ್ಟಿಗೆಯಲ್ಲೇ ಇರುತ್ತದೆ.

ಎಷ್ಟು ಸುಲಭವಾಗಿ ಹೊಳೆಯಿತು ನೋಡು… ಅದೇ ನಾಚಿಕೆ.

ಮಾರ್ಚ್ 20, 10:40

ಚಪ್ಪಲಿ ಹಾಕಿಕೊಂಡಿದ್ದೆ. ತೆಗೆದೆ.

ಜಿಪಾರ್ ಮೇಲಿನ ಜಾಗದಲ್ಲಿ ನನಗೆ ದಿಂಬು ಹಾಕುತ್ತಿದ್ದಳು. "ಅಲ್ಲಿ ನೀನು ಕೂತ್ಕೋ" ಎಂದೆ. ಕೂರಲಿಲ್ಲ. ನಿಂತುಕೊಂಡೇ ಹೇಳಿದೆ:

"ನಾನು ಹೇಳಿಕೊಟ್ಟಿದ್ದು ತಪ್ಪು. ಏಳನೇ ತಾರೀಕಿನಿಂದ ಗೊತ್ತಿತ್ತು ನಂಗೆ."

ದಿಂಬಿನ ಅಂಚು ಸರಿ ಮಾಡುತ್ತಾ ನಿಧಾನಕ್ಕೆ ಅಂದಳು, "ನಂಗೆ ನಾಲ್ಕನೇ ತಾರೀಕಿನಿಂದ ಅಪಾ."

"ಹಾಗಾದ್ರೆ ಈಗ ನೀನು ಹೇಳಿಕೊಡು."

ತಲೆ ಬಗ್ಗಿಸಿದಳು. ಹಿರಿಯರ ಮುಂದೆ ಬಾಯಿ ಬರುವುದಿಲ್ಲ ಅವಳಿಗೆ. ನಾನೇ ಆ ಪದ ಹೇಳಿದೆ. ಅರವತ್ತೊಂದು ವರ್ಷದ ನಾಲಿಗೆ ಎಲ್ಲೋ ಜಾರಿತು.

ದಿಂಬನ್ನು ಎದೆಗೆ ಒತ್ತಿಕೊಂಡಳು. ಆಮೇಲೆ, "ಒತ್ತು ಇನ್ನೂ ಸ್ವಲ್ಪ ಕೊನೆಗೆ, ಅಪಾ."

ಅವಳು ಈ ಮನೆಗೆ ಬಂದ ಐದು ವರ್ಷದಲ್ಲಿ ನನ್ನನ್ನು ತಿದ್ದಿದ ಮೊದಲ ಮಾತು. ಕೆನ್ನೆ ಸುಟ್ಟಿತು. ಮತ್ತೆ ಹೇಳಿದೆ.

11:00

ಹೊಸ್ತಿಲ ಮೇಲೆ ಕೂತಿದ್ದೇನೆ, ನೋಟ್‌ಬುಕ್ ತೊಡೆಯ ಮೇಲೆ. ಬಾಗಿಲು ಮುಚ್ಚಬೇಡ ಎಂದು ನಾನೇ ಹೇಳಿದ್ದು. ಅವಳಿಗೆ ನಾನು ಕಾಣಬೇಕು. ಶಾಲು ಹೊದ್ದಿಲ್ಲ.

ಓದುತ್ತಿದ್ದಾಳೆ. ಎರಡನೇ ಸಾಲು ಮುಗಿಯಿತು. ಮೂರನೆಯದರಲ್ಲಿ ಆ ಪದ ಇದೆ. ಓದು ನಿಲ್ಲಿಸಿದಳು. ಬಾಗಿಲ ಕಡೆ ನೋಡಿದಳು.

ಹೂಂ ಎಂದು ತಲೆಯಾಡಿಸಿದೆ. ಅವಳು ನನ್ನನ್ನೇ ನೋಡುತ್ತಾ ಹೇಳಿದಳು: ಜ್ವನೀತ್.