ಸುಡದ ಡಿಕ್ಕಿಯಲ್ಲಿ ಹುಟ್ಟಿದ ಬೆಂಕಿ

ವಾಹನ ತಪಾಸಣೆಯ ಮಾನ್ಯ ಅಧಿಕಾರಿಗಳೇ,

ನನ್ನ ಭಾವ ಕಾರಿನೊಂದಿಗೆ ಬೆಂದುಹೋದ ಪ್ರಕರಣವನ್ನು ತಾವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ: ‘ಮೋಜಿಗಾಗಿ ಅಳವಡಿಸಿದ್ದ ಸಬ್‌ವೂಫರ್‌ನ ದೋಷಪೂರಿತ ವೈರಿಂಗ್‌ನಿಂದ ಕಾರಿನ ಡಿಕ್ಕಿಯಲ್ಲಿ ಬೆಂಕಿ ಹುಟ್ಟಿದೆ.’ ಆ ವೈರಿಂಗ್ ಮಾಡಿದವನು ನಾನು.

ಮೋಜು ಎಂದಿರಿ. ಭಾವ ಇಪ್ಪತ್ತೆರಡು ವರ್ಷ ಕಲ್ಲು ಪುಡಿ ಮಾಡುವ ಯಂತ್ರದ ಪಕ್ಕ ನಿಂತು ಕಿವಿಯನ್ನು ಮುಕ್ಕಾಲು ಪಾಲು ಕಳೆದುಕೊಂಡವರು. ಹಾಡೆಂದರೆ ಪ್ರಾಣ, ಕೇಳಿಸುವುದು ಮಾತ್ರ ಅಷ್ಟಕ್ಕಷ್ಟೇ. ಅಕ್ಕನೇ ನನ್ನ ಅಂಗಡಿಗೆ ಬಂದು, “ಅವರಿಗೆ ಕೇಳೋ ಹಾಗೆ ಏನಾದ್ರೂ ಹಾಕಿಕೊಡೋ” ಎಂದಳು. ಅವರ ಹಳೆಯ ಕಾರಿನ ಡಿಕ್ಕಿಯಲ್ಲಿ ಹಾಡಿನ ತಗ್ಗು ದನಿಯನ್ನು ಮೈ ಅದುರುವಂತೆ ಗುಡುಗಿಸುವ ಸ್ಪೀಕರ್ ಪೆಟ್ಟಿಗೆ, ಸಬ್‌ವೂಫರ್ ಕೂರಿಸಿದೆ. ಮೊದಲ ಹಾಡಿಗೆ ಭಾವ ಸೀಟಿಗೆ ಒರಗಿ ಕಣ್ಣು ಮುಚ್ಚಿದರು. “ಕಿವಿಗಲ್ಲ ಕಣೋ, ಬೆನ್ನಿಗೆ ಕೇಳ್ತಿದೆ!” ಎಂದರು. ತಮ್ಮ ಕಚೇರಿಯ ನಿಘಂಟಿನಲ್ಲಿ ಇದಕ್ಕೆ ಮೋಜು ಎನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಇನ್ನು ದೋಷ. ಬ್ಯಾಟರಿಯಿಂದ ಗೇಣುದ್ದದಲ್ಲೇ ಫ್ಯೂಸ್ ಹಾಕಿದ್ದೆ. ಲೋಹ ತಾಗುವ ಕಡೆಯೆಲ್ಲ ವೈರಿಗೆ ರಬ್ಬರ್ ಕೊಳವೆ ತೊಡಿಸಿದ್ದೆ. ಕೈಯಾರೆ ಮಾಡಿದೆನೆಂಬ ನನ್ನ ಜಂಬವನ್ನು ನಂಬಬೇಡಿ, ತಮ್ಮ ಕಚೇರಿಯ ಹಿತ್ತಲಲ್ಲೇ ಬಿದ್ದಿರುವ ಆ ಕಾರನ್ನು ನೋಡಿ. ಮುಂಭಾಗ ಕರಕಲು. ಡಿಕ್ಕಿಯಲ್ಲಿ ಸಬ್‌ವೂಫರ್‌ನ ಪೆಟ್ಟಿಗೆಗೆ ಹೊದಿಸಿದ ಬಟ್ಟೆ ಕಂದು ಕೂಡ ಆಗಿಲ್ಲ. ಬೆಂಕಿ ತಾನು ಹುಟ್ಟಿದ ಮನೆಯನ್ನು ಬಿಟ್ಟು ಪಕ್ಕದೂರನ್ನು ಸುಡಲು ಹೋಯಿತೇ?

ಅನಾಹುತಕ್ಕೆ ಮೂರು ದಿನ ಮುಂಚೆ ಭಾವ ಬಂದಿದ್ದರು. ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ ಗುಂಯ್ ಎಂಬ ದನಿ ಏರುತ್ತದೆ ಎಂದು ಅಕ್ಕ ಕಳಿಸಿದ್ದಳು. ಎಂಜಿನ್ ಆರಿಸಿದರೆ ದನಿ ಇಲ್ಲ. ಆಂಪ್ಲಿಫೈಯರ್‌ನ ಅರ್ತ್ ವೈರು ಸಡಿಲಾಗಿತ್ತು. ಅದು ತಾಗುವ ತಗಡಿನ ಬಣ್ಣ ಕೆರೆದು, ಬೋಲ್ಟು ಬಿಗಿದೆ, ದನಿ ನಿಂತಿತು. ಬ್ಯಾಟರಿಯ ಕಡೆಯೂ ನೋಡಿಬಿಡೋಣವೆಂದು ಬಾನೆಟ್ ಎತ್ತಿದೆ.

“ಭಾವ, ಪೆಟ್ರೋಲ್ ವಾಸನೆ ಬರ್ತಿದೆ. ಪೈಪು ಸೀಳಿದ ಹಾಗಿದೆ, ನೋಡಿ.”

ಎರಡು ಸಲ ಕೂಗಿ ಹೇಳಿದ ಮೇಲೆ ಅವರು ನಕ್ಕರು. “ಹೋದ ವಾರ ತಾನೇ ತಪಾಸಣೆ ಆಯ್ತಲ್ಲೋ! ಸಾಹೇಬರೇ ಮುದ್ರೆ ಒತ್ತಿದ್ದಾರೆ. ನಿನಗಿಂತ ಅವರಿಗೆ ಕಮ್ಮಿ ಗೊತ್ತಾ?”

“ಬಾನೆಟ್ ತೆಗೆದು ನೋಡಿದ್ರಾ?”

“ನನ್ನನ್ನ ಕಾರಿಂದ ಇಳಿಯೋಕೂ ಬಿಡಲಿಲ್ಲ. ಎರಡೇ ನಿಮಿಷ!”

ತಮ್ಮ ಚುರುಕುತನವನ್ನು ಅವರು ಹೊಗಳಿದ್ದು ಹೀಗೆ. ನಾನೂ ನಂಬಿದೆ. ನನ್ನದು ವೈರಿನ ಕೆಲಸ, ಪೈಪಿನ ಉಸಾಬರಿ ಯಾಕೆಂದು ಬಾನೆಟ್ ಮುಚ್ಚಿದೆ. ಮೂರನೆಯ ದಿನ ಬೆಳಿಗ್ಗೆ ಸಿಗ್ನಲ್‌ನಲ್ಲಿ ನಿಂತ ಕಾರಿನ ಎಂಜಿನ್ ಹೊತ್ತಿಕೊಂಡಿತು. ಸುತ್ತಲಿನವರು ಕೂಗಿದ್ದು ಅವರಿಗೆ ಕೇಳಲಿಲ್ಲ. ಹೊರಗೆಳೆಯುವಷ್ಟರಲ್ಲಿ ಕಾಲು, ಎದೆ ಬೆಂದಿದ್ದವು. ನಾಲ್ಕು ದಿನ ಆಸ್ಪತ್ರೆಯಲ್ಲಿ ನರಳಿ ಹೋಗಿಬಿಟ್ಟರು.

ತಮ್ಮ ವರದಿ ಮೊದಲು ತಲುಪಿದ್ದು ಅಕ್ಕನಿಗೆ. ಬಾಗಿಲಲ್ಲೇ ಕಾಗದ ಹಿಡಿದು ಕೇಳಿದಳು: “ಆ ಪೆಟ್ಟಿಗೆ ಕೂರಿಸಿದ್ದು ನೀನೇ ಅಲ್ವಾ?” ಹೌದೆಂದೆ. “ಹಾಕು ಅಂದದ್ದು ನಾನೇ ಅಲ್ವಾ?” ಅವಳು ಬಾಗಿಲು ಮುಚ್ಚಿಕೊಂಡಳು. ಬಾನೆಟ್ ತೆರೆಯದೆ ತಾವು ಮುದ್ರೆ ಒತ್ತಿ ಕೊಟ್ಟ ಮೊದಲ ಕಾಗದ ಭಾವನನ್ನು ಕೊಂದಿತು. ಎರಡನೆಯದು ಅಕ್ಕನನ್ನು ದಿನವೂ ಸುಡುತ್ತಿದೆ.

ಸೋಮವಾರ ಆ ಕಾರು ಗುಜರಿಗೆ ಹೋಗುತ್ತದಂತೆ. ಏನಿಷ್ಟು ಅವಸರ? ಅದಕ್ಕೂ ಮೊದಲು ಅಕ್ಕನ ಎದುರಿನಲ್ಲಿ, ಬೇರೊಬ್ಬ ಅಧಿಕಾರಿಯಿಂದ ಬಾನೆಟ್ಟನ್ನೂ ಡಿಕ್ಕಿಯನ್ನೂ ತೆರೆಸಿ. ಕಂಡದ್ದನ್ನು ಬರೆಸಿ. ವಾಸನೆ ಬಡಿದರೂ ಸುಮ್ಮನಾದ ನನ್ನ ಹೆಸರನ್ನೂ ಬರೆಸಿ, ಸಹಿ ಹಾಕುತ್ತೇನೆ. ಆದರೆ ನಾನು ಮಾಡಿದ ತಪ್ಪನ್ನೇ ಬರೆಸಿ, ಮಾಡದ ತಪ್ಪನ್ನಲ್ಲ.

ಇಂತಿ,
ಅಕ್ಕನ ಮನೆಯ ಹೊರಗೆ ನಿಂತಿರುವ ತಮ್ಮ,
ಕಾರಿಗೆ ಸ್ಪೀಕರ್ ಕೂರಿಸುವವನು