ಎರಡು ಬೆರಳಿನ ಎತ್ತರ

ಅಕ್ಟೋಬರ್ 11, ಶನಿವಾರ

ಕಾಫಿ ಮುಗಿಸಿ ಕಾರನ್ನು ಸ್ವಲ್ಪ ಹೊತ್ತು ಚಾಲೂ ಮಾಡಿಟ್ಟೆ. ಪ್ರತಿ ಶನಿವಾರದ ಕೆಲಸ. ಇಲ್ಲದಿದ್ದರೆ ಬ್ಯಾಟರಿ ಸಾಯುತ್ತದೆ. ಮಗ ಡೆನಿಲ್ಸನ್ ಏಪ್ರಿಲ್‌ನಲ್ಲಿ ಡೆಂಗ್ಯೂ ಜ್ವರದಿಂದ ಹೋದ. ಅವನ ಕಾರು ಉಳಿದಿದೆ — ಶೋಕಿಗೆಂದು ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿಸಿದ ಕಾರು. ಕಲಾಕೃತಿ ಎನ್ನುತ್ತಾರೆ ಅವನ ಗೆಳೆಯರು. ಅವಿವೇಕ ಎಂದು ನಾನು ಅಂದೇ ಹೇಳಿದ್ದೆ. ಈ ಮನೆಯವರು ಯಾರೂ ಅದರಲ್ಲಿ ಕೂರಕೂಡದೆಂದೂ ಹೇಳಿದ್ದೆ.

ಸಮಾಧಿಗೆ ಹೂ ಇಡುವ ಸತ್ತವರ ದಿನ, ನವೆಂಬರ್ 2, ಹತ್ತಿರ ಬಂತು. ಸ್ಮಶಾನದ ಇಡೀ ಗುಡ್ಡವನ್ನು ನಡೆದು ಹತ್ತಲು ಹೆಂಡತಿ ಜುಲ್ಮೀರಾಳ ಮಂಡಿ ಬಿಡದು. ಟ್ಯಾಕ್ಸಿ ತರಿಸುತ್ತೇನೆಂದೆ.

"ಅವನ ಗಾಡೀಲೇ ಕರ್ಕೊಂಡು ಹೋಗ್ರಿ. ಇಲ್ದಿದ್ರೆ ನಾನು ಬರಲ್ಲ."

ತಾಯಿಯ ಹಟ. ಒಪ್ಪಿದೆ. ಆದರೆ ದಾರಿಯುದ್ದಕ್ಕೂ ಹಂಪುಗಳು, ಕಲ್ಲುಹಾಸು. ಈ ಸ್ಥಿತಿಯಲ್ಲಿ ಕಾರು ಅಲ್ಲಿಗೆ ತಲುಪದು. ಎತ್ತರಿಸಲೇಬೇಕು.

ಅಕ್ಟೋಬರ್ 14, ಮಂಗಳವಾರ

ಟೈರಿನಂಗಡಿಯವನ ಮತ: ದಪ್ಪ ಟೈರು ಹಾಕಿಸಿದರೆ ಸಾಕು. ನಂಬಲಿಲ್ಲ. ಅಲ್ಲಿಂದ ಜೊಸ್ಮಾರನ ಗ್ಯಾರೇಜಿಗೆ ಹೋದೆ. ಈ ಕಾರನ್ನು ಡೆನಿಲ್ಸನ್ ಜೊತೆ ಸೇರಿ ತಗ್ಗಿಸಿದವನು ಅವನೇ. ಅವನನ್ನೂ ನಂಬುವುದಿಲ್ಲ. ನನ್ನನ್ನು ಅಂಕಲ್ ಎನ್ನುತ್ತಾನೆ.

"ಅಂಕಲ್, ಬರೀ ಟೈರ್ ದಪ್ಪ ಮಾಡಿದ್ರೆ, ಸ್ಟೇರಿಂಗ್ ತಿರುಗ್ಸಿದಾಗೆಲ್ಲ ಮಡ್‌ಗಾರ್ಡ್ ಅದನ್ನ ಕಡಿಯುತ್ತೆ. ಮೊದ್ಲು ಸ್ಪ್ರಿಂಗ್ ಎತ್ತರಿಸ್ಬೇಕು. ಜಾಗ ಆದ್ಮೇಲೆ ಟೈರು."

"ಅಂಗಡಿಯವನು ಟೈರೇ ಸಾಕು ಅಂದ."

"ಟೈರ್ ಮಾರೋನು ಇನ್ನೇನಂತಾನೆ?"

"ನೀನು ಸ್ಪ್ರಿಂಗ್ ಎತ್ತುವವನು."

ನಕ್ಕ. "ಅದೂ ನಿಜಾನೇ."

ಅವನ ವಾದದಲ್ಲಿ ದೋಷ ಹುಡುಕಿದೆ. ಸಿಗಲಿಲ್ಲ. ಸಿಗದಿರುವುದೇ ಅನುಮಾನಕ್ಕೆ ಕಾರಣ.

ಹೊರಡುವಾಗ ಕೇಳಿದ: "ಪಕ್ಕದಲ್ಲಿ ಕೂರೋರ ಸೀಟು ಹಂಗೇ ಇರ್ಲಾ?"

ಆಗಲೇ ಗಮನಿಸಿದ್ದು. ಆ ಸೀಟನ್ನು ಪೂರ್ತಿ ಮುಂದಕ್ಕೆಳೆದಿಟ್ಟಿದ್ದಾರೆ. ಯಾರೋ ಗಿಡ್ಡ ಆಳು.

"ಯಾರು ಕೂರ್ತಿದ್ರು?"

ಕೈ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. "ಗೊತ್ತಿಲ್ಲ ಅಂಕಲ್."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ಪಾಠ: ಎದುರಾಳಿ ಜಾರುವುದು ತರ್ಕದಲ್ಲಲ್ಲ, ವ್ಯಾಕರಣದಲ್ಲಿ. ಕೂರೋಳು ಎನ್ನಲಿಲ್ಲ. ಕೂರೋರು ಎಂದ. ಈ ಗೌರವ ಯಾರಿಗೆ? ವಯಸ್ಸಿನಲ್ಲಿ ಹಿರಿಯಳೇ? ಇನ್ನೊಬ್ಬನ ಹೆಂಡತಿಯೇ?

ಅಕ್ಟೋಬರ್ 22, ಬುಧವಾರ

ನಾನೇ ಅಳೆದೆ, ನಾನೇ ನಿರ್ಧರಿಸಿದೆ. ರಿಮ್ ಅದೇ ಇರಲಿ. ಟೈರು 165/40 ತೆಗೆದು 195/50. ಅದರಿಂದ ಬರುವುದು ಎರಡು ಬೆರಳಿನ ಎತ್ತರ. ಉಳಿದದ್ದು ಸ್ಪ್ರಿಂಗಿನಿಂದ. ಜೊಸ್ಮಾರ್ ಹೇಳಿದ ಕ್ರಮವೇ ಸರಿ ಎಂದಾಯಿತು. ಆದರೂ ಕೆಲಸ ಮುಗಿಯುವವರೆಗೆ ಸ್ಟೂಲು ಹಾಕಿಸಿಕೊಂಡು ಎದುರಿಗೇ ಕೂತಿದ್ದೆ.

"ನಟ್ಟು ಎಣಿಸ್ತಿದೀರಾ ಅಂಕಲ್?"

"ಅವಳ ಹೆಸರು ಹೇಳು, ಎದ್ದು ಹೋಗ್ತೀನಿ."

ಕಾರಿನಡಿಯಿಂದಲೇ ಉತ್ತರಿಸಿದ. "ಮಾತು ಕೊಟ್ಟಿದೀನಿ."

"ಯಾರಿಗೆ? ಸತ್ತವನಿಗಾ?"

"ಇಬ್ರಿಗೂ."

ಇಬ್ಬರಿಗೂ. ಅಂದರೆ ಬದುಕಿದ್ದಾಳೆ. ಬಹುಶಃ ಇದೇ ಊರಿನಲ್ಲಿ. ಸತ್ತವರ ದಿನ ಹೂ ಹಿಡಿದು ಬಂದೇ ಬರುತ್ತಾಳೆ. ಜುಲ್ಮೀರಾಳ ಎದುರಿಗೆ... ಮಗನ ಕೊನೆಯ ದಿನಗಳ ಬಗ್ಗೆ ನಮಗೆ ತಿಳಿಯದ್ದು ಅವಳಿಗೆ ತಿಳಿದಿರುತ್ತದೆ. ಅದನ್ನು ಸಹಿಸಲಾರೆ. ತಿಳಿಯದೆಯೂ ಇರಲಾರೆ.

ನವೆಂಬರ್ 1

ಜುಲ್ಮೀರಾಳನ್ನು ನೇರವಾಗಿ ಕೇಳಿದೆ — ಡೆನಿಲ್ಸನ್‌ಗೆ ಯಾರಾದರೂ ಇದ್ದರೇ? ಸೇವಂತಿಗೆಯ ದಂಟು ಕತ್ತರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಇದ್ದಿದ್ರೆ ನಿಮಗೆ ಹೇಳ್ತಿದ್ನಾ?"

ಉತ್ತರವಲ್ಲ, ಪ್ರತಿಪ್ರಶ್ನೆ. ಬಚ್ಚಿಡುವವರ ಪಟ್ಟು.

ನವೆಂಬರ್ 2, ಭಾನುವಾರ, ಸಂಜೆ

ಬೆಳಿಗ್ಗೆ ಎಂಟಕ್ಕೆ ಹೊರಟೆವು. ಸೀಟು ಹಿಂದಕ್ಕೆ ತಳ್ಳಲೇ ಎಂದೆ. ಬೇಡವೆಂದು ಹತ್ತಿ ಕೂತಳು. ಬೇಕರಿಯ ತಿರುವಿನ ಹಂಪು ಬಂತು. ವೇಗ ತಗ್ಗಿಸಿದೆನಷ್ಟೆ. ಪೂರ್ತಿ ನಿಲ್ಲುವ ಮೊದಲೇ ಬಾಗಿಲು ತೆರೆದು ಇಳಿದುಬಿಟ್ಟಳು. ಹೂವಿನ ಕಟ್ಟು ಎದೆಗವಚಿ, ಕುಂಟುತ್ತ ಹಂಪು ದಾಟಿ, ಆ ಬದಿಯಲ್ಲಿ ನಿಂತಳು. ಕಾದಳು.

"ಯಾಕೆ ಇಳಿದೆ?"

"ಇಳೀದಿದ್ರೆ ತಳ ಉಜ್ಜುತ್ತಲ್ರೀ."

"ಈಗ ಉಜ್ಜಲ್ಲ. ಎತ್ತರಿಸಿದೀನಿ."

ಹಿಂದಿನ ವಾಹನದವನು ಹಾರ್ನ್ ಹೊಡೆದ. ಹತ್ತಿ ಕೂತಳು.

"ಎಷ್ಟು ಸಲ?"

"ಭಾನುವಾರ, ಭಾನುವಾರ. ಊಟ ಆದ್ಮೇಲೆ ನೀವು ಮಲಗಿದ್ದಾಗ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಸುಮ್ನೆ ಹೋಗಿ ಬರೋದು. ಹಂಪು ಬಂದಾಗೆಲ್ಲ ನಾನು ಇಳಿಯೋದು, ಹತ್ತೋದು. ಅವ್ನು ನಗೋನು — ಅಮ್ಮಾ, ನೀನು ಅರ್ಧ ಊರು ನಡ್ಕೊಂಡೇ ಬಂದೆ ಕಣಮ್ಮ, ಅಂತ."

ಅವಳೂ ನಕ್ಕಳು. ಏಪ್ರಿಲ್‌ನಿಂದೀಚೆಗೆ ಕೇಳಿರದ ನಗೆ.

ಮುಂದಿನ ಹಂಪಿನ ಬಳಿ ಅವಳ ಕೈ ತಾನಾಗಿ ಬಾಗಿಲಿಗೆ ಹೋಯಿತು. ಅಗತ್ಯವಿರಲಿಲ್ಲ. ನಿಲ್ಲಿಸಿದೆ. ಇಳಿದಳು, ದಾಟಿದಳು, ಹತ್ತಿದಳು. ಗುಡ್ಡದವರೆಗೂ ಹಾಗೆಯೇ ಹೋದೆವು. ಸಮಾಧಿಯ ಬಳಿ ಬೇರೆ ಯಾವ ಹೆಂಗಸೂ ಬರಲಿಲ್ಲ. ನಾನು ದಾರಿ ಕಾಯಲೂ ಇಲ್ಲ.

ಈಗ ಅಡುಗೆಮನೆಯಲ್ಲಿದ್ದಾಳೆ. ಕರೆದು ಕೂರಿಸಿಕೊಂಡು ಕೇಳಬೇಕು. ಪ್ರಶ್ನೆಗಳನ್ನು ಮೊದಲೇ ಕ್ರಮವಾಗಿ ಬರೆದುಕೊಳ್ಳುವುದು ನನ್ನ ರೂಢಿ. ಎರಡನೆಯದು, ಮೂರನೆಯದು ಸಿದ್ಧವಿವೆ. ಮೊದಲನೆಯದು: ಆ ಭಾನುವಾರಗಳಲ್ಲಿ ಅವನು ಒಮ್ಮೆಯಾದರೂ ನನ್ನ ಬಗ್ಗೆ —