ದ್ರೌಪತಿ ಸೀತನಿ ಸೆಂಟರ್

ಬಸವಕಲ್ಯಾಣ
ಭಾನುವಾರ, ೨೦ ಜನವರಿ ೨೦೦೮

ವೀರಭದ್ರ ಅವರಿಗೆ, ಶರಣು.

ಸಂಕ್ರಾಂತಿಯ ಡಬ್ಬಿ ಮುಟ್ಟಿತು. ಸುಟ್ಟ ಗೆಣಸಿನ ಮೇಲೆ ಮಡಚಿಟ್ಟಿದ್ದ ಚೀಟಿಯೂ ಮುಟ್ಟಿತು. ಚೀಟಿಗೆ ಹೊಗೆಯ ವಾಸನೆ ಹಿಡಿದಿತ್ತು, ಒಂದು ಮೂಲೆಗೆ ಎಣ್ಣೆ ಹತ್ತಿತ್ತು. ಹನ್ನೊಂದು ವರ್ಷದಲ್ಲಿ ನೀವು ನಿಮ್ಮ ಹೆಂಡತಿಗೆ ಬರೆದ ಮೊದಲ ಮಾತು ಇದು: "ಅಣ್ಣ ಬೋರ್ಡ್ ಇಳಸು ಅನ್ನಾಕತ್ತಾನ. ಇಳಸಲೋ, ಬಿಡಲೋ? ನೀ ಹೇಳಿದ್ಹಂಗ."

ನೀ ಹೇಳಿದ್ಹಂಗ! ಮರುದಿನ ಶಾಲೆಗೆ ಹೋದಾಗ ಏಳನೆಯ ತರಗತಿಯ ಮಕ್ಕಳು ನನ್ನ ಮುಖ ನೋಡಿಯೇ ಗಪ್‌ಚುಪ್ ಕೂತರು. ಅಷ್ಟು ಸಿಟ್ಟು ಬಂದಿತ್ತು. ನಿಮ್ಮ ಬಾಯಿಂದ ಬರಬೇಕಾದ ಮಾತನ್ನು ಇವತ್ತಿಗೂ ನನ್ನಿಂದ ಹೇಳಿಸಬೇಕೆ? ಆ ದಿನ ಏನಾಯಿತೆಂಬುದನ್ನು ನೀವು ಮರೆತಿರಬಹುದು. ಇಬ್ಬರಲ್ಲಿ ಒಬ್ಬರಾದರೂ ಸರಿಯಾಗಿ ನೆನಪಿಟ್ಟಿರಬೇಕಲ್ಲ, ಅದಕ್ಕೇ ಬರೆಯುತ್ತೇನೆ.

೧೯೯೭ರ ಜನವರಿ. ಮುಡಬಿಯ ನಿಮ್ಮ ಹೊಲದಲ್ಲಿ ಸೀತನಿ. ತಾಲೂಕಿನ ನಾಲ್ಕಾರು ಸಾಹೇಬರನ್ನು ನಿಮ್ಮ ಅಣ್ಣ ಬಸವಣಪ್ಪನವರು ಕರೆದಿದ್ದರು. ಹಾಲು ತುಂಬಿದ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಹುದುಗಿಸಿ ಸುಟ್ಟು, ಗೋಣಿತಟ್ಟಿನ ಮೇಲೆ ಬಡಿದು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ನಡುವೆ ಒಂದೇ ಗುಡ್ಡೆ ಹಾಕಿ, ಸುತ್ತಲೂ ಕೂತು ತಿನ್ನುವುದು ನಮ್ಮ ಕಡೆಯ ಪದ್ಧತಿ. ಗುಡ್ಡೆ ಒಂದೇ. ಅದೇ ಸೀತನಿಯ ಸುಖ. ನಸುಕಿನಲ್ಲಿ ಬಂದು ಕುಳ್ಳು ಒಟ್ಟಿದವಳು ನಿಮ್ಮ ಹೊಲದ ಕೂಲಿಯ ದ್ರೌಪತಿ. ಕೆಂಡ ಕಾದವಳು, ತೆನೆ ತಿರುವಿದವಳು, ಬಡಿದವಳು ಅವಳೇ. ತಿಕ್ಕುವವರು ಮಾತ್ರ ಮನೆಯವರು. ಅವಳ ಕೈ ಬೆಂಕಿಯವರೆಗೆ ನಡೆಯುತ್ತಿತ್ತು, ಗುಡ್ಡೆಯವರೆಗೆ ನಡೆಯುತ್ತಿರಲಿಲ್ಲ.

ಅವಳ ಬೆರಳಿಗೆ ಬೊಬ್ಬೆ ಎದ್ದಿದ್ದು ಕಂಡು ನಾನು ಕರೆದೆ. "ಬಾ ದ್ರೌಪತಿ, ಇಲ್ಲೇ ಕುಂದ್ರು, ಬಿಸಿ ಇದ್ದಾಗ ತಿನ್ನು" ಅಂದೆ. ಅವಳು ಹಿಂದೆಮುಂದೆ ನೋಡಿ ಕೂತಳು. ಗುಡ್ಡೆಗೆ ಕೈ ಹಾಕಿದಳು. ನಿಮ್ಮ ಅಣ್ಣ ಎದ್ದು ಗೋಣಿಯ ಎರಡು ಮೂಲೆ ಹಿಡಿದು, ಇಡೀ ಗುಡ್ಡೆಯನ್ನು ಕೆಂಡಕ್ಕೆ ಸುರಿದರು. "ಸೀತನಿ ಕೆಟ್ಟೋತು" ಅಂದರು, ಅಷ್ಟೇ. ಸಾಹೇಬರು ತಮ್ಮ ತಮ್ಮ ಬೂಟು ನೋಡಿಕೊಂಡರು. ನೀವು ಒಂದು ಕಡ್ಡಿ ಹಿಡಿದು ನೆಲ ಕೆರೆಯುತ್ತಾ ಕೂತಿರಿ.

ನಾನು ಎದ್ದು ಮುಡಬಿಯ ಬಸ್‌ಸ್ಟ್ಯಾಂಡಿಗೆ ನಡೆದೆ. ಮುಷ್ಟಿಯಲ್ಲಿ ಉಳಿದಿದ್ದ ಸೀತನಿಯನ್ನು ಬಸ್ಸಿನಲ್ಲಿ ತಿಂದೆ. ತವರಿನಲ್ಲಿ ಜಾಗವಿತ್ತು, ಶಾಲೆಯ ನೌಕರಿ ಇತ್ತು, ನಮಗೆ ಮಕ್ಕಳಿರಲಿಲ್ಲ, ತಿರುಗಿ ಬರಲಿಲ್ಲ. ನೀವು ಕರೆಯಲು ಬರಲೇ ಇಲ್ಲ ಎಂದು ನಾನು ಯಾರ ಮುಂದೆಯೂ ಹೇಳಿಲ್ಲ. ಎರಡು ಸಲ ಬಂದಿರಿ. ಬಂದು ಬಾಗಿಲಲ್ಲಿ ನಿಂತಿರಿ. ಹಣ್ಣು ತಂದಿರಿ, ಸೀರೆ ತಂದಿರಿ, ಮಾತು ಒಂದನ್ನು ತರಲಿಲ್ಲ.

ಈ ಊರಲ್ಲಿ ಕೂತು ಇಂಥದ್ದನ್ನು ನೆನೆಯುವುದು ಇನ್ನೂ ಕಷ್ಟ. ಎಂಟುನೂರು ವರ್ಷದ ಹಿಂದೆ ಇದೇ ಕಲ್ಯಾಣದಲ್ಲಿ ಒಂದು ಮದುವೆಯ ಸಲುವಾಗಿ ಜನ ಪ್ರಾಣ ಕೊಟ್ಟರು. ಈಗ ವರ್ಷಕ್ಕೆರಡು ಸಲ ವೇದಿಕೆ ಕಟ್ಟಿ, ಮೈಕು ಹಚ್ಚಿ, ಎಲ್ಲರೂ ಒಂದೇ ಎಂದು ಕೂಗುತ್ತಾರೆ. ಕೂಗಿ ಮುಗಿದ ಮೇಲೆ ಊಟಕ್ಕೆ ಎಷ್ಟು ಸಾಲು ಹಾಕುತ್ತಾರೆಂದು ನಾನು ಪತ್ರಿಕೆಗೆ ಬರೆದಿದ್ದೆ. ಅಚ್ಚಾಗಲಿಲ್ಲ. ಮುಂಚೆ ಬೀದಿದೀಪದ ಬಗ್ಗೆ ಬರೆದದ್ದು ಅಚ್ಚಾಗಿತ್ತು. ದೀಪ ಇನ್ನೂ ಹತ್ತಿಲ್ಲ, ಆ ಮಾತು ಬೇರೆ.

ಇರಲಿ. ನಿಮ್ಮ ಅಂಗಡಿಯ ವಿಷಯಕ್ಕೆ ಬರುತ್ತೇನೆ. ನನಗೆ ತಿಳಿದಿದ್ದೆಲ್ಲ ನಮ್ಮ ಪಕ್ಕದ ಮನೆಯ ಶಕುಂತಲಾಬಾಯಿ ಹೇಳಿದ್ದು. ಅವಳು ಗುರುವಾರ ಗುರುವಾರ ಹುಮನಾಬಾದಿನ ಮಾಣಿಕನಗರಕ್ಕೆ ದರ್ಶನಕ್ಕೆ ಹೋಗುವವಳು, ಬರುವಾಗ ನಿಮ್ಮ ಅಂಗಡಿಯ ಮುಂದೆಯೇ ಹಾಯ್ದು ಬರುತ್ತಾಳೆ. ನನಗೇನು, ಕೇಳಿಸಿಕೊಳ್ಳುವುದಷ್ಟೇ.

ಅಣ್ಣತಮ್ಮಂದಿರು ಪಾಲಾದ ಮೇಲೆ ನೀವು ಹುಮನಾಬಾದಿಗೆ ಹೋದಿರಿ, ದ್ರೌಪತಿಯನ್ನು ಕರೆಸಿ, ಇಬ್ಬರೂ ಸಮಪಾಲಿನವರಾಗಿ, ಅವಳ ಹೆಸರಿನ ಬೋರ್ಡ್ ಹಾಕಿ ಅಂಗಡಿ ಇಟ್ಟಿರಿ ಎಂದು ಕೇಳಿದಾಗ ನಾನು ನಂಬಲಿಲ್ಲ. ಯಾವುದೋ ಕಂಪನಿಯವರು ಮನೆಮನೆಗೆ ಮಾರಲು ತಂದಿದ್ದ ಒಲೆಯಂತೆ. ಕಬ್ಬಿನ ಸಿಪ್ಪೆಯನ್ನು ಒತ್ತಿ ಮಾಡಿದ ಗುಳಿಗೆಯೇ ಅದರ ಸೌದೆ, ಅದಕ್ಕೆ ಪೆಲೆಟ್ ಅನ್ನುತ್ತಾರಂತೆ. ಕೆಳಗೊಂದು ಸಣ್ಣ ಫ್ಯಾನು ಗಾಳಿ ಊದುತ್ತದಂತೆ. ಹೊಗೆ ಬಾರದ ಒಲೆ ಎಂದು ಅವರು ಹೊಗಳಿ ಮಾರಿದರೆ, ನೀವು ಅದನ್ನು ಹಳೆಯ ಎಣ್ಣೆಯ ಡ್ರಮ್ಮಿನ ತಳಕ್ಕೆ ಕೂರಿಸಿ, ಫ್ಯಾನನ್ನು ಮಂದ ಮಾಡಿ, ಅದರಿಂದ ಹೊಗೆ ಹೊರಡಿಸಲು ಹೆಣಗಿದಿರಂತೆ. ಇದನ್ನು ಕೇಳಿ ನನಗೆ ನಗು ಬಂತು. ನಿಮ್ಮನ್ನು ಬಲ್ಲವರಿಗೆ ಯಾರಿಗಾದರೂ ಬರುತ್ತದೆ.

ಮೊದಲ ವರ್ಷದ ಡಬ್ಬಿಗಳು ಕಹಿಯಿದ್ದವು. ಮುಚ್ಚಳ ಬಿಗಿದು ಹೊಗೆಯನ್ನು ಒಳಗೇ ಕೂಡಿಹಾಕಿದರೆ ಕಾಳು ಕಹಿಯಾಗದೆ ಇನ್ನೇನಾದೀತು? ಈ ವರ್ಷ ಚಿಮಣಿ ಹಾಕಿದ್ದೀರಿ, ತಂತಿ ಬಿಗಿದು ನಿಲ್ಲಿಸಿದ್ದೀರಿ, ಅದು ಎಡಕ್ಕೆ ವಾಲಿದೆ. ಆದರೆ ರುಚಿ ನೆಟ್ಟಗಾಗಿದೆ, ಒಪ್ಪುತ್ತೇನೆ. ಕುಳ್ಳಿನ ಕೆಂಡದ ಆ ಖಾರವಾಸನೆ ಸೀತನಿಗೆ ಬಂದಿಲ್ಲ. ಬದಲಿಗೆ ಹಳ್ಳಿಖೇಡದ ಕಡೆ ಕಬ್ಬು ಅರೆಯುವಾಗ ಗಾಳಿಯಲ್ಲಿ ಬರುತ್ತದಲ್ಲ, ಅಂಥದ್ದೊಂದು ಸಿಹಿ ಇದೆ. ಕಾಳು ಹಸಿರಾಗಿಯೇ ಉಳಿದಿದೆ, ಒಳಗೆ ಹಾಲು ಆರಿಲ್ಲ. ಗೆಣಸು ಬೆಣ್ಣೆಯಂತೆ ಬೆಂದಿರುತ್ತದೆ. ಬದನೆಕಾಯಿ ಭರ್ತ ಕಳಿಸಿದ ದಿನ ನಾನು ಎರಡು ರೊಟ್ಟಿ ಹೆಚ್ಚು ತಿಂದೆ. ಹೈದರಾಬಾದಿಗೆ ಹೋಗುವ ಕಾರಿನವರು ನಿಲ್ಲಿಸಿ, ಇದು ಸ್ಟಾರ್ಟರ್ ಆಯಿತು, ಊಟಕ್ಕೆ ಏನಿದೆ ಎಂದು ಕೇಳಿದರೆ, ದ್ರೌಪತಿ ತಲೆ ಎತ್ತದೆ, "ಇದs ಊಟ್ರಿ. ಹೊಟ್ಟಿ ತುಂಬೋತನ ತಿನ್ರಿ" ಅನ್ನುತ್ತಾಳಂತೆ.

ಒಂದು ದೂರು ಮಾತ್ರ ಇದೆ. ಸೀತನಿಯ ಜೊತೆ ಕೊಡುವ ಶೇಂಗಾ ಹಿಂಡಿ, ಆ ಚಟ್ನಿಪುಡಿ, ಕೆಟ್ಟದಾಗಿದೆ. ಮಿಕ್ಸಿಯಲ್ಲಿ ತಿರುವಿದ್ದೀರಿ, ಹಿಟ್ಟಾಗಿ ಅಂಗುಳಕ್ಕೆ ಮೆತ್ತುತ್ತದೆ. ಬೆಳ್ಳುಳ್ಳಿ ಎಲ್ಲಿ ಹೋಯಿತೋ ದೇವರೇ ಬಲ್ಲ. ಅಷ್ಟು ಒಳ್ಳೆಯ ಸೀತನಿಗೆ ಅಂಥ ಹಿಂಡಿ ಕೊಡುವುದು ಅನ್ಯಾಯ.

ಡಬ್ಬಿಯ ಮಾತೂ ಆಗಿಬಿಡಲಿ. ಶುಕ್ರವಾರ ಶುಕ್ರವಾರ ಟಂಟಂ ಆಟೋದ ಪಾಂಡುರಂಗ ಅದನ್ನು ತಂದು ಕೊಡುತ್ತಾನೆ, ನಾನು ತೊಳೆದು ಅವನ ಕೈಯಲ್ಲೇ ತಿರುಗಿ ಕಳಿಸುತ್ತೇನೆ. ಖಾಲಿ. ಯಾರ ಮನೆಯ ಡಬ್ಬಿಯನ್ನೂ ಖಾಲಿ ಕಳಿಸಬಾರದು, ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು ಎಂಬುದು ನನಗೆ ಗೊತ್ತಿಲ್ಲವೆ? ನಿಮ್ಮ ಅವ್ವನೇ ಕಲಿಸಿದ್ದು. ಗೊತ್ತಿದ್ದೇ ಕಳಿಸಿದೆ. ನೀವೂ ಗೊತ್ತಿದ್ದೇ ಮತ್ತೆ ಮತ್ತೆ ತುಂಬಿ ಕಳಿಸಿದಿರಿ. ಪಾಂಡುರಂಗ ಒಮ್ಮೆ, "ಅಕ್ಕೋರ, ಒಂದು ಹರಳು ಬೆಲ್ಲರ ಹಾಕ್ರಿ, ನನಗs ನಾಚಿಕಿ ಬರ್ತದ" ಅಂದ. ನಿನ್ನ ಗಾಡಿ ನೀನು ನೋಡಿಕೋ ಅಂದೆ.

ಈಗ ಮೊನ್ನೆ ಗುರುವಾರದ ಸಂಗತಿ. ಇದೂ ಶಕುಂತಲಾಬಾಯಿ ಹೇಳಿದ್ದೇ.

ಹೊತ್ತು ಇಳಿಯುವ ಸುಮಾರಿಗೆ ನಿಮ್ಮ ಅಣ್ಣನ ಜೀಪು ಬಂದು ನಿಂತಿತಂತೆ. ನೀವು ಆ ಕಂದು ಸ್ವೆಟರ್ ಹಾಕಿದ್ದಿರಂತೆ, ಬಲ ಮೊಣಕೈ ಹರಿದಿತ್ತಂತೆ. ದ್ರೌಪತಿ ಗೋಣಿಯ ಮೇಲೆ ಕೂತು ಸೀತನಿ ತಿಕ್ಕುತ್ತಿದ್ದಳು. ನಿಮ್ಮ ಅಣ್ಣ ಬೋರ್ಡಿನ ಕಡೆ ಬೆರಳು ತೋರಿಸಿ ಶುರು ಮಾಡಿದರಂತೆ. "ಸೀತನಿ ಕರದು ತಿನ್ನಸೋದು, ಮಾರೋದಲ್ಲ. ನೀ ಮಾರಿದಿ. ಅದೂ ಆಕಿ ಕೈಲೆ ತಿಕ್ಕಿಸಿ, ಆಕಿ ಹೆಸರ್ಲೆ. ಆ ಹೆಸರು ನೋಡಿ ನಮ್ಮ ಮಂದಿ ಯಾರರ ಬರ್ತಾರೇನು?"

ದ್ರೌಪತಿ ಕೈ ನಿಲ್ಲಿಸದೆ, "ಬರಾಕತ್ತಾರ್ರಿ ಸಾವ್ಕಾರ್ರ. ನೀವೂ ಬಂದೀರಲ್ರಿ" ಅಂದಳಂತೆ.

ಸುತ್ತ ನಿಂತವರು ನಕ್ಕರು. ನೀವು ನಗಲಿಲ್ಲ. ಕೈಯಲ್ಲಿದ್ದ ಗುಳಿಗೆಯ ಡಬರಿ ಕೆಳಗಿಟ್ಟು, "ಅಣ್ಣಾ, ಕುಂದ್ರು. ತಿಂದು ಮಾತಾಡು" ಅಂದಿರಿ.

"ಇದನ್ನ ತಿನ್ನಲೇನು?"

"ಇದನ್ನs. ಅವತ್ತ ನೀ ಗುಡ್ಡಿ ಎತ್ತಿ ಕೆಂಡಕ್ಕ ಸುರದಿ. ನಾ ನೆಲಾ ಕೆರಕೋತ ಕುಂತೆ. ಹೆಂಡ್ತಿ ಎದ್ದು ಹೋದ್ಲು. ಇವತ್ತ ಸುರೀಬೇಕಂದ್ರ ಮದ್ಲ ನನ್ನ ಮುಟ್ಟಿ ಸುರಿ. ಬೋರ್ಡ್ ಅಲ್ಲೇ ಇರ್ತದ."

ನಿಮ್ಮ ಅಣ್ಣನ ಕೈ ಗೋಣಿಯ ಮೂಲೆಯವರೆಗೆ ಬಂತು. ನೀವು ನಡುವೆ ನಿಂತಿರಿ. ಆ ಕೈ ಅಲ್ಲೇ ನಿಂತು, ಹಿಂದೆ ಸರಿದು, ಜೇಬು ಸೇರಿತು. ಅವರು ಜೀಪು ಹತ್ತಿದರು. ಹತ್ತಿದ ಮೇಲೂ ತುಸು ಹೊತ್ತು ಜೀಪು ಹೊರಡಲಿಲ್ಲ. ಅವರಿಗೂ ವಯಸ್ಸಾಗಿದೆ. ಸೀತನಿ ಎಂದರೆ ಅವರಿಗೆ ಮೊದಲಿನಿಂದಲೂ ಪ್ರಾಣ ಎಂಬುದು ನನಗೆ ಗೊತ್ತು. ವಾಸನೆ ಅಲ್ಲಿಗೂ ಮುಟ್ಟಿರಬೇಕು. ಅಷ್ಟರಲ್ಲಿ ದ್ರೌಪತಿ ನಿಮ್ಮನ್ನು ಕೂಗಿದಳು, "ಮಾತು ಆತಲ್ರಿ, ಈಗ ಗೆಣಸಿನ ಕಡಿ ನೋಡ್ರಿ, ಹೊತ್ತಾಕತ್ತಾವ!" ನೀವು ಫ್ಯಾನು ಮಂದ ಮಾಡುವುದನ್ನು ಮರೆತು, ಒಂದು ತಾಟು ಗೆಣಸು ಕರ್ರಗಾಗಿತ್ತು. ಆಗ ನಕ್ಕಿರಿ, ಆ ಮೂಗಿನಿಂದ ನಗುವ ನಗು.

ಮಂಗಳವಾರ ಹಬ್ಬದ ಡಬ್ಬಿಯಲ್ಲಿ ಚೀಟಿ ಬಂತು. ನಾನು ಸಿಟ್ಟಿನಲ್ಲಿ ಉತ್ತರ ಬರೆಯಲಿಲ್ಲ. ಗುರುವಾರ ನೀವೇ ಉತ್ತರ ಕೊಟ್ಟಿರಿ, ನನ್ನನ್ನು ಕಾಯಲಿಲ್ಲ. ಅದಕ್ಕೇ ಇವತ್ತು ಬರೆಯಲು ಕೂತಿದ್ದೇನೆ.

ದ್ರೌಪತಿಯ ಒಂದು ಮಾತು ಇನ್ನೂ ಹೇಳಬೇಕು. ನನ್ನ ಹೆಸರು ಬಂದಾಗ ಅವಳು ಅಂದಳಂತೆ, "ಅಕ್ಕೋರು ಬಸ್ ಹತ್ತಿ ಹೋದ್ರು, ಛಲೋ ಆತು. ನಾ ಎಲ್ಲಿ ಹೋಗ್ಲಿ? ಮರುದಿನ ಅದೇ ಹೊಲಕ್ಕ ಕೂಲಿಗಿ ಹೋದೆ. ಒಳಗ ಬಿಡಲಿಲ್ಲ. ಸುಗ್ಗಿ ಮುಗಿಯೋತನ ಯಾರೂ ಕರೀಲಿಲ್ಲ." ಮೂರು ದಿನದಿಂದ ಈ ಮಾತು ನನ್ನನ್ನು ಬಿಟ್ಟಿಲ್ಲ. ಹನ್ನೊಂದು ವರ್ಷ ನಾನು ನಿಮ್ಮ ಮೇಲೆ, ನಿಮ್ಮ ಅಣ್ಣನ ಮೇಲೆ, ಈ ಊರಿನ ಮೇಲೆ ಸಿಟ್ಟಾದೆ. ಆ ಸಿಟ್ಟು ಇನ್ನೂ ನ್ಯಾಯವೆಂದೇ ಅನ್ನುತ್ತೇನೆ. ಆದರೆ ಅದರಿಂದ ಅವಳ ಒಲೆ ಹೊತ್ತಲಿಲ್ಲ. ನೀವು ತಡವಾಗಿಯಾದರೂ ಹೊತ್ತಿಸಿದಿರಿ.

ನೀವು ಕೇಳಿದ ಪ್ರಶ್ನೆಗೆ ಇನ್ನು ನನ್ನ ಉತ್ತರ ಬೇಕಿಲ್ಲ. ಕೇಳದೆ ಉಳಿಸಿಕೊಂಡ ಪ್ರಶ್ನೆಯೊಂದು ಚೀಟಿಯ ಕೊನೆಯಲ್ಲಿತ್ತು. ಎರಡಕ್ಷರ ಬರೆದು ಹೊಡೆದು ಹಾಕಿದ್ದೀರಿ. ಬಿಸಿಲಿಗೆ ಹಿಡಿದರೆ "ಬರ್ತೀ?" ಎಂದು ಓದಲು ಬರುತ್ತದೆ. ಅದಕ್ಕೆ ಈ ಪತ್ರದಲ್ಲಿ ಉತ್ತರ ಬರೆಯುವುದಿಲ್ಲ.

ಆ ಸ್ವೆಟರಿನ ಮೊಣಕೈ ಹೊಲಿಸಿಕೊಳ್ಳಿ. ಹೊಗೆಗೆ ಕಣ್ಣು ಒಡ್ಡಬೇಡಿ.

ಇಂತಿ,
ವಿದ್ಯಾವತಿ

ಬರೆದು ಮುಗಿಸಿದ ಮೇಲೆ: ಶಕುಂತಲಾಬಾಯಿಗೆ ದೀಪಾವಳಿಯಿಂದ ಮೊಣಕಾಲು ಹಿಡಿದಿದೆ. ಅವಳು ನಮ್ಮ ಓಣಿಯನ್ನೂ ದಾಟಿಲ್ಲ. ಗುರುವಾರ ನಿಮ್ಮ ಅಂಗಡಿಯ ಎದುರಿನ ಕಬ್ಬಿನ ಹಾಲಿನ ಗಾಡಿಯ ಹಿಂದೆ ಹಸಿರು ಶಾಲು ಹೊದ್ದು ನಿಂತಿದ್ದವಳು ಯಾರೆಂದು ದ್ರೌಪತಿಗೆ ಗೊತ್ತು. ಜೀಪು ಹೋದ ಮೇಲೆ ದ್ರೌಪತಿಯೇ ನನಗೆ ಒಂದು ಎಲೆಯಲ್ಲಿ ಸೀತನಿ, ಆ ಕೆಟ್ಟ ಹಿಂಡಿ ತಂದು ಕೊಟ್ಟಳು. ಬಸ್ ಹತ್ತಿದ ಆ ಮೇಲಿನ ಮಾತನ್ನು ನನ್ನ ಮುಖಕ್ಕೇ ಹೇಳಿದಳು. ನಿಮಗೆ ಹೇಳಬೇಡ ಎಂದು ಬೇಡಿಕೊಂಡೆ. ಹೇಳಿಲ್ಲವೆಂದು ಕಾಣುತ್ತದೆ.

ಡಬ್ಬಿಯನ್ನು ಪಾಂಡುರಂಗನ ಕೈಯಲ್ಲಿ ಕಳಿಸಿದ್ದೇನೆ. ನಿಧಾನವಾಗಿ ತೆಗೆಯಿರಿ, ಮುಚ್ಚಳದವರೆಗೆ ಶೇಂಗಾ ಹಿಂಡಿ ತುಂಬಿದೆ, ಬೆಳ್ಳುಳ್ಳಿ ಹಾಕಿ ಕುಟ್ಟಿದ್ದು. ದರ್ಶನದ ಮಂದಿ ಬರುವ ಒಂದು ಗುರುವಾರಕ್ಕೆ ಸಾಕಾದೀತು. ಮುಂದಿನದನ್ನು ಅಲ್ಲೇ ಕುಟ್ಟಬೇಕು. ನನ್ನ ಒರಳನ್ನು ಬಸ್ಸಿನಲ್ಲಿ ಹೊತ್ತು ತರಲಾಗುವುದಿಲ್ಲ, ಒಂದನ್ನು ತರಿಸಿಡಿ. ಎಲ್ಲಿ ಇಡಬೇಕೆಂದು ದ್ರೌಪತಿಯನ್ನು ಕೇಳಿ. ಅಂಗಡಿ ಅವಳ ಹೆಸರಿನದು.